ಎಂಜಲಾಗದ ಕ್ಯಾಸೆಟ್ಟು

ನಮ್ಮ ಕಾಕಾ ಹಾಡು ಶುರು ಮಾಡಿದಾಗ ನೆಲೋಗಿಯಲ್ಲಿ ಬಸ್ಸು ಹತ್ತಿದರೆ, ಗುಲಬರ್ಗಾಕ್ಕೆ ಹೋಗಿ, ಕೆಲಸ ಮುಗಿಸಿ, ತಿರುಗಿ ಬಂದರೂ ಹಾಡು ಮುಗಿದಿರುತ್ತಿರಲಿಲ್ಲ ಎಂದು ಜನ ಹೇಳುತ್ತಾರೆ. ಶುದ್ಧ ಸುಳ್ಳು! ಜೇವರ್ಗಿಗೆ ಹೋಗಿ ಬರುವಷ್ಟರಲ್ಲಿ ಖಂಡಿತ ಮುಗಿದಿರುತ್ತಿತ್ತು. ನಾನು ವಿಶ್ವವಿದ್ಯಾಲಯದಲ್ಲಿ ಓದಿದವನು, ಉತ್ಪ್ರೇಕ್ಷೆ ನನಗೆ ಆಗಿಬರುವುದಿಲ್ಲ. ಆದರೂ ಇದೆಲ್ಲ ಎಂಬತ್ತರ ದಶಕದ ಮಾತು. ನನ್ನ ನೆನಪಿನ ಮೇಲೆ ನನಗೇ ಪೂರ್ತಿ ಭರವಸೆಯಿಲ್ಲ. ನೀವೂ ಸ್ವಲ್ಪ ಸೋಸಿಕೊಂಡು ಓದುವುದು ಒಳ್ಳೆಯದು.

ಕಾಕಾ ಮೊದಲು ಊರಿನ ಭಜನಾ ಮೇಳದಲ್ಲಿ ಪಿಟೀಲು ಬಾರಿಸುತ್ತಿದ್ದ. ಒಂದು ದಿನ ಎದ್ದು ಹೊರಬಂದ. ಕಾರಣ ಕೇಳಿದರೆ, “ಹಳೇ ಪದ ಹಾಡಾಕ ಹಳೇ ಮಂದಿ ಇದ್ದಾರಲ್ಲ, ನಾ ಯಾಕ ಬೇಕು?” ಅಂದ. (ಮೇಳದವರ ಪ್ರಕಾರ ಅವನನ್ನು ಎಬ್ಬಿಸಿ ಕಳಿಸಲಾಗಿತ್ತು. ಎರಡೂ ನಿಜವಿರಬಹುದು.) ಹೊರಬಂದವನು ತನ್ನದೇ ಮೇಳ ಕಟ್ಟಿದ. ಬ್ಯಾಂಜೋಕ್ಕೆ ಟೇಲರ್ ಚಾಚಾ. ಟೈಪ್‌ರೈಟರಿನಂತೆ ಗುಂಡಿಗಳಿರುವ ನಮ್ಮ ಕಡೆಯ ಬ್ಯಾಂಜೋ ಅದು. ಢೋಲಕ್ಕಿಗೆ ಶಾಲೆಯ ಮಾಸ್ತರು. ಹಾಡುಗಳೆಲ್ಲ ಕಾಕಾನ ಸ್ವಂತದವು: ಹಿಟ್ಟಿನ ಗಿರಣಿಯ ಮೇಲೊಂದು, ಕೆಟ್ಟು ನಿಂತ ಬಸ್ಸಿನ ಮೇಲೊಂದು, ತೊಗರಿಬೇಳೆಯ ಮೇಲೆ ಎರಡು! ಭಜನೆಯ ಹಾಗೆ ಶುರುವಾಗಿ, ನಡುವೆ ಮೂವರೂ ಹಾಡನ್ನು ಅಲ್ಲೇ ಇಳಿಸಿ, ತಲೆಗೊಂದು ದಿಕ್ಕಿಗೆ ಹೊರಟುಬಿಡುತ್ತಿದ್ದರು. ಕಾಲು ಗಂಟೆಯ ಮೇಲೆ ಬೆವರುತ್ತ ಮತ್ತೆ ಒಂದೇ ಕಡೆ ಬಂದು ಸೇರುತ್ತಿದ್ದರು. ಹೇಗೆ ಸೇರುತ್ತಿದ್ದರು? ಇವತ್ತಿಗೂ ನನಗೆ ಬಗೆಹರಿದಿಲ್ಲ.

ಅಫಜಲಪುರದ ಒಂದು ಮದುವೆಯಲ್ಲಿ ಹೀಗೆ ಹೊರಟುಹೋದಾಗ ಬೀಗರು ಊಟಕ್ಕೆ ಎದ್ದರು. ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಬಂದರೂ ಹಾಡು ಮರಳಿರಲಿಲ್ಲ. ಆಳಂದದಲ್ಲಿ ಒಬ್ಬ ಎದ್ದು ನಿಂತು, “ಒಂದ್ ಸಿನಿಮಾ ಹಾಡು ಹಾಡ್ರಿ ಕಾಕಾ,” ಅಂದ.

“ಅದು ಸಿನಿಮಾದವರ ಹಾಡಪಾ. ಅವರ ಮನೀಗೇ ಹೋಗಿ ಕೇಳು.”

ಹಾಸ್ಟೆಲ್ಲಿನಲ್ಲಿ ಗೆಳೆಯನೊಬ್ಬನ ಬಳಿ ನಾನು ಅಮೆರಿಕದ ಗುಡ್ಡಗಾಡು ಸಂಗೀತ ಕೇಳಿದ್ದೆ. ಅಲ್ಲೂ ಬ್ಯಾಂಜೋ, ಅಲ್ಲೂ ಪಿಟೀಲು. ಅಲ್ಲೂ ಕೆಲವು ತಲೆಕೆಟ್ಟ ಹುಡುಗರು ಹಳೆಯ ಧಾಟಿ ಮುರಿದು, ಸ್ವಂತ ಹಾಡು ಕಟ್ಟಿ, ಯಾವ ಕಂಪನಿಯ ಹಂಗೂ ಇಲ್ಲದೆ ತಾವೇ ರೆಕಾರ್ಡು ಮಾಡಿಕೊಳ್ಳುತ್ತಾರಂತೆ. ಇದನ್ನು ಕಾಕಾನಿಗೆ ಹೇಳಿದೆ.

“ಪಾಪ, ಅವರು ಬಾರಸಾಗನೂ ಮಂದಿ ಊಟಕ್ಕ ಎದ್ದು ಹೋಗ್ತಾರೇನು?” ಎಂದು ಮರುಗಿದ.

ಆದರೆ “ತಾವೇ ರೆಕಾರ್ಡು” ಎಂಬ ಮಾತು ಅವನ ತಲೆಯಲ್ಲಿ ಕುಳಿತುಬಿಟ್ಟಿತು. ಚಾಚಾನ ಭಾವಮೈದುನ ದುಬೈಯಿಂದ ತಂದ ಟೇಪ್ ರೆಕಾರ್ಡರು ಇತ್ತು. ಊರೆಲ್ಲ ಹೊಲಕ್ಕೆ ಹೋದ ಮಧ್ಯಾಹ್ನ ಕಾಕಾನ ಪಡಸಾಲೆಯಲ್ಲಿ ಮೊದಲ ಕ್ಯಾಸೆಟ್ಟು ತಯಾರಾಯಿತು. ಯಡ್ರಾಮಿಯ ಕಿರಾಣಿ ಅಂಗಡಿಯ ಸಾವ್ಕಾರರು ಮೊದಲೇ ಕೇಳಿದ್ದರಿಂದ ಅವರ ಹೆಸರು ಹೇಳಿಯೇ ಬಾರಿಸಿದ್ದು; ಅವರೇ ಅದನ್ನು ಒಯ್ದರು. ಆಮೇಲೆ ಆಳಂದದವರು ಕೇಳಿದರು, ಅಫಜಲಪುರದವರೂ ಕೇಳಿದರು. (ಬೀಗರು ಕಡೆಗೂ ಹಾಡಿನ ತುದಿ ಕೇಳಬೇಕಂತೆ!)

“ಅದಕ್ಕೇನು, ಗುಲಬರ್ಗಾದಲ್ಲಿ ಅರ್ಧ ತಾಸಿನಲ್ಲಿ ನಕಲು ಮಾಡಿಕೊಡುತ್ತಾರೆ,” ಎಂದೆ ನಾನು.

ಕಾಕಾ ನನ್ನನ್ನು ಕಳ್ಳನನ್ನು ನೋಡುವಂತೆ ನೋಡಿದ. “ಒಬ್ಬರ ಗಂಗಾಳದಾಗಿಂದು ತಗದು ಇನ್ನೊಬ್ಬರ ಗಂಗಾಳಕ್ಕ ಬಡಸ್ತೀಯೇನಲೇ? ಎಂಜಲಾ ಅದು!”

ಹೀಗೆ ಜಗತ್ತಿನ ಧ್ವನಿಮುದ್ರಣದ ಇತಿಹಾಸದಲ್ಲೇ ಇಲ್ಲದ ಪದ್ಧತಿ ನೆಲೋಗಿಯಲ್ಲಿ ಶುರುವಾಯಿತು. ಗಿರಾಕಿಗೊಂದು ಸಲ ಮೂವರೂ ಕುಳಿತು ಅಷ್ಟೂ ಹಾಡು ಹೊಸದಾಗಿ ಬಾರಿಸುವುದು! ಶುರುವಿನಲ್ಲಿ ಕಾಕಾ, “ಇದು ಇಂಥವರಿಗಂತ ಬಾರಿಸಿದ್ದು” ಎಂದು ಹೆಸರು ಹೇಳುತ್ತಿದ್ದ. ನಡುವೆ ನೆನಪಾದರೆ, “ನಿಮ್ಮ ಎಮ್ಮಿ ಈಯ್ತೇನ್ರಿ?” ಎಂದೂ ಕೇಳುತ್ತಿದ್ದ. ಆಡು ಒದರಿದರೆ ಅದೂ ಸೇರುತ್ತಿತ್ತು. ಕಾಕಾನ ಹತ್ತಿರ ಮಾತ್ರ ಒಂದು ಪ್ರತಿಯೂ ಉಳಿಯುತ್ತಿರಲಿಲ್ಲ.

ಗುಂಡಿ ಒತ್ತುವ ಕೆಲಸ ನನ್ನದು. ಎರಡು ಗುಂಡಿ ಒಟ್ಟಿಗೆ ಒತ್ತಬೇಕು. ಒಂದು ದಿನ ಯಾವುದೋ ತತ್ವಜ್ಞಾನದ ಗುಂಗಿನಲ್ಲಿ ಒಂದೇ ಒತ್ತಿದೆ. ಮುಕ್ಕಾಲು ತಾಸು ಬಾರಿಸಿದ್ದು ಗಾಳಿಗೆ ಹೋಯಿತು.

“ಇಷ್ಟು ವರ್ಷ ಓದಿಸಿ ಒಂದೇ ಗುಂಡಿ ಕಲಿಸ್ಯಾರ ನೋಡ್ರಿ!” ಎಂದು ಕಾಕಾ ಕೂಗಾಡಿದ.

ಚಾಚಾ ಮಾತ್ರ ಬೆರಳು ನೀವಿಕೊಳ್ಳುತ್ತ, “ಜಾನೇ ದೋ. ಮ್ಯಾಲಿನವಗ ಬಾರಿಸಿದ್ದು ಅಂತ ತಿಳಕೋರಿ,” ಅಂದರು.

ಚಾಚಾ ಒಂದು ದಸರೆಯ ಹೊತ್ತಿಗೆ ತೀರಿಕೊಂಡರು. ದಸರೆಯೇ ಇರಬೇಕು; ಮಾಸ್ತರಿಗೆ ಶಾಲೆ ರಜೆ ಇತ್ತೆಂದು ನೆನಪು. ಕಾಕಾ ಪಿಟೀಲನ್ನು ಗೂಟಕ್ಕೆ ತೂಗುಹಾಕಿದ. ಕೆಲವು ದಿನಗಳ ಮೇಲೆ ಚಾಚಾನ ಹೆಂಡತಿ, ನಮ್ಮ ಚಾಚಿ, ಬಂದು ಹೊಸ್ತಿಲ ಬಳಿ ನಿಂತರು.

“ಇದ್ದಾಗ ದಿನಾ ಬಯ್ದೇನ್ರಿ ಅಣ್ಣಾರ, ಆ ಕಿಟಿಕಿಟಿ ಬಂದ್ ಮಾಡ್ರಿ ಅಂತ. ಈಗ ಮನ್ಯಾಗ ಸಪ್ಪಳಾನೇ ಇಲ್ಲ. ಅವರು ಬಾರಿಸಿದ್ದು ಒಂದ್ ಕ್ಯಾಸೆಟ್ ಇದ್ರ ಕೊಡ್ರಿ.”

ಎಲ್ಲಿಂದ ಕೊಡುವುದು? ಕಾಕಾ ಮರುದಿನವೇ ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿದ.

ಅಫಜಲಪುರದಲ್ಲಿ ಕ್ಯಾಸೆಟ್ಟು ಸಿಕ್ಕಿತು. ಹಾಕಿದರೆ, “ಇದು ಅಫಜಲಪುರದ ಬೀಗರಿಗಂತ ಬಾರಿಸಿದ್ದು” ಎಂದು ಕಾಕಾನ ಗಂಭೀರ ದನಿ, ಅದರ ಬೆನ್ನಿಗೇ ಸಿನಿಮಾದ ಹುಡುಗಿಯ ಹಾಡು! ಬೀಗರ ಮೊಮ್ಮಕ್ಕಳು ಅದರ ಮೇಲೆಯೇ ತುಂಬಿಸಿಬಿಟ್ಟಿದ್ದರು. ಆಳಂದದವರು ನಮ್ಮನ್ನು ನೇರ ಹೊಲಕ್ಕೇ ಕರೆದೊಯ್ದರು. ಟೇಪನ್ನು ಹೊರಗೆಳೆದು, ಗುಬ್ಬಿ ಬೆದರಿಸಲು ಜೋಳದ ಹೊಲದ ಸುತ್ತ ಕಟ್ಟಿದ್ದರು. ಗಾಳಿಗೆ ಅದು ಮಿರಿಮಿರಿ ಮಿಂಚುತ್ತ ಗುಂಯ್‌ಗುಡುತ್ತಿತ್ತು. ಕಾಕಾ ಬದುವಿನ ಮೇಲೆ ಬಹಳ ಹೊತ್ತು ಕಿವಿಗೊಟ್ಟು ನಿಂತ. ಕಡೆಗೆ, “ಮೂರು ತಾಲೂಕಿನಾಗ ಗುಬ್ಬಿಗಳಾದ್ರೂ ಪೂರ್ತಿ ಕೇಳ್ಯಾವ,” ಅಂದ. ನನಗೆ ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡೆ.

ಉಳಿದದ್ದು ಯಡ್ರಾಮಿ ಒಂದೇ. ಸಾವ್ಕಾರರ ಕ್ಯಾಸೆಟ್ಟು ಗಾಯವಿಲ್ಲದೆ ಇತ್ತು. ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಹಾಕುತ್ತಿದ್ದರಂತೆ!

“ಆದರ ಕೊಡಾಂಗಿಲ್ರಿ. ನನ್ನ ಹೆಸರು ಹೇಳಿ ಬಾರಿಸಿದ್ದು. ಬೇಕಾದ್ರ ನಕಲು ಮಾಡಕೋರಿ.”

ಎಷ್ಟೋ ವರ್ಷಗಳ ವಾದ ಗೆಲ್ಲುವ ಗಳಿಗೆ ಅದು. ನಾನು ಬಾಯಿ ತಡೆಯಲಿಲ್ಲ: “ಎಂಜಲಾಗೋದಿಲ್ಲೇನು ಕಾಕಾ?”

“ಆಗಲಿ. ಆಕಿ ಗಂಡನ ಗಂಗಾಳದ್ದು ಆಕಿಗೆ ಎಂಜಲೇನಲೇ? ಗುಂಡಿ ಒತ್ತು.”

ಮರುದಿನ ಚಾಚಾನ ರೆಕಾರ್ಡರು ತಂದು ಸಾವ್ಕಾರರ ಟೇಪಿನ ಎದುರು ಇಟ್ಟೆವು. ಅಂಗಡಿಯ ಬಾಗಿಲು ಹಾಕಿದೆವು. ಒಂದು ಹಾಡುವುದು, ಇನ್ನೊಂದು ಕೇಳಿ ತುಂಬಿಕೊಳ್ಳುವುದು. ಸಣ್ಣ ಸದ್ದಾದರೂ ಅದೂ ಸೇರಿಹೋಗುತ್ತದೆ, ಯಾರೂ ಉಸಿರೆತ್ತಕೂಡದು ಎಂದು ಕಾಕಾನದೇ ಆಜ್ಞೆ. ನಾನು ಎರಡೂ ಗುಂಡಿ ಒತ್ತಿದೆ. ಹಿಟ್ಟಿನ ಗಿರಣಿಯ ಹಾಡು. ನಡುವೆ ಪಿಟೀಲು, ಢೋಲಕ್ಕು ಎರಡೂ ಸುಮ್ಮನಾಗಿ, ಚಾಚಾ ಒಬ್ಬರೇ ಎಲ್ಲಿಗೋ ಓಡತೊಡಗಿದರು. ಏನು ಓಟ ಅದು! ಎದುರಿಗೆ ಒಮ್ಮೆಯೂ ಅವರನ್ನು ಹೊಗಳದ ಕಾಕಾ, ಬೇಳೆಯ ಮೂಟೆಗೆ ಒರಗಿ ಕಣ್ಣು ಮುಚ್ಚಿದವನು, ತನಗೇ ಗೊತ್ತಿಲ್ಲದೆ ಅಂದ: “ಛಲೋ ಬಾರಿಸಿದಿ ಭಾಯಿ.”

ಇಲ್ಲಿ ಬರೆದ ಉಳಿದದ್ದರ ಬಗ್ಗೆ ನನಗೆ ಅನುಮಾನವಿದೆ. ಇದೊಂದರ ಬಗ್ಗೆ ಇಲ್ಲ. ಕ್ಯಾಸೆಟ್ಟಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ.

ಮನೆಗೆ ಒಯ್ದು ಹಾಕಿದಾಗ ಚಾಚಿಗೂ ಕೇಳಿತು. ಹೊಲಿಗೆ ಯಂತ್ರದ ಪಕ್ಕ ಕುಳಿತಿದ್ದವರು ತಲೆಯೆತ್ತಿ, “ಅದನ್ನ ಅಂದಿದ್ದು ಯಾರ್ರಿ ಅಣ್ಣಾರ?” ಎಂದು ಕೇಳಿದರು.

ಕಾಕಾ ಗೋಡೆ ನೋಡಿದ. “ಯಾರೋ ಅಂಗಡಿಗೆ ಬಂದ ಗಿರಾಕಿ ಇರಬೇಕ್ರಿ.”

ಚಾಚಿ ಟೇಪನ್ನು ಹಿಂದಕ್ಕೆ ತಿರುಗಿಸಿ, ಅಷ್ಟನ್ನೇ ಮತ್ತೊಮ್ಮೆ ಹಾಕಿದರು.