ಕಳಕಪ್ಪನ ತೀರ್ಮಾನ

ಎಲ್ಲಕ್ಕೂ ಮೂಲ, ಬೆಳಿಗ್ಗೆ ಉಪ್ಪಿಟ್ಟು ತಿನ್ನುವಾಗ ಮಗಳು ಶಾಂಭವಿ ಆಡಿದ ಒಂದು ಮಾತು.

"ಅಪ್ಪಾಜಿ, ಎಂಜಿನಿಯರಿಂಗಿಗೆ ಎಲೆಕ್ಟ್ರಿಕಲ್ ತಗೊಳ್ಳಲೋ, ಕೆಮಿಕಲ್ ತಗೊಳ್ಳಲೋ? ಇವತ್ತ ಸಂಜಿಗೆ ಆಪ್ಶನ್ ಹಾಕೂದು ಮುಗೀತೈತಿ. ನೀವ ಹೇಳ್ರಿ."

ತುತ್ತು ಕಳಕಪ್ಪನ ಬಾಯಿಯ ಹತ್ತಿರ ಹೋಗಿ ನಿಂತಿತು. ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿ ತಲೆ ನರೆತಿದ್ದರೂ ಅವನು ಒಂದೇ ಒಂದು ತೀರ್ಮಾನ ಕೈಗೊಂಡವನಲ್ಲ. ಯಾವ ಕಡತ ಬಂದರೂ 'ಆದೇಶಕ್ಕಾಗಿ ಮಂಡಿಸಿದೆ' ಎಂದು ಬರೆದು ಮೇಲಕ್ಕೆ ದಾಟಿಸುತ್ತಿದ್ದ. ಆಮೇಲೆ ಕಾಲುವೆ ಒಡೆದರೂ ಅವನ ಮೈಗೆ ಹನಿ ತಾಗುತ್ತಿರಲಿಲ್ಲ. ಈಗ ಮಗಳ ಬದುಕೇ ತಟ್ಟೆಯ ಪಕ್ಕ ಬಂದು ಕೂತಿತ್ತು. ತಾನು ಹೇಳಿದ್ದು ಕೆಟ್ಟರೆ ಅವಳ ಮುಖ ನೋಡುವುದು ಹೇಗೆ? ಅವನಿಗೆ ನಿಜವಾಗಿಯೂ ಭಯವಾಯಿತು.

"ನಾಕ್ ಮಂದೀನ ಕೇಳಿ ಹೇಳ್ತೀನವ್ವಾ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ.

ಪಕ್ಕದ ಮನೆಯ ಕನಕಮ್ಮ ಗೇಟಿನಲ್ಲೇ ಹಿಡಿದಳು. ಗೋಡೆಯಾಚೆಯಿಂದ ಅವಳಿಗೆ ಎಲ್ಲವೂ ಕೇಳಿಸಿತ್ತು.

"ಎಲೆಕ್ಟ್ರಿಕಲ್ ಅಂದ್ರ ಹೆಣ್ಣುಮಗಳು ಕಂಬ ಹತ್ತಬೇಕೇನ್ರಿ ಅಣ್ಣಾರ? ಕೆಮಿಕಲ್ ಹಾಕ್ಸ್ರಿ. ನೆಳ್ಳಾಗ ಕುಂತು ಸೀಸೆ ಅಲ್ಲಾಡಿಸಿದ್ರ ಪಗಾರ ಬರ್ತೈತಿ."

ಕಳಕಪ್ಪನಿಗೆ ಸರಿಯೆನಿಸಿತು. ಕಚೇರಿ ತಲುಪುವವರೆಗೂ ಸರಿಯೆನಿಸುತ್ತಲೇ ಇತ್ತು. ಅಲ್ಲಿ ಪಕ್ಕದ ಮೇಜಿನ ಶರಣಬಸಪ್ಪ ವಿಷಯ ಕೇಳಿ ಪೆನ್ನು ಮುಚ್ಚಿಟ್ಟ.

"ಕೆಮಿಕಲ್ಲಾ? ಡ್ಯಾಮ್ ಇಲ್ಲೇ ಐತಿ, ಪವರ್ ಹೌಸ್ ಇಲ್ಲೇ ಐತಿ. ಎಲೆಕ್ಟ್ರಿಕಲ್ ಓದಿದ್ರ ಹುಡುಗಿ ನಡಕೋತ ಡ್ಯೂಟಿಗಿ ಹೋಗಿ, ಮಧ್ಯಾಹ್ನ ಮನಿಗಿ ಊಟಕ್ಕ ಬರ್ತಾಳ. ಕೆಮಿಕಲ್ ಓದಿಸಿ ಗುಜರಾತಿಗೆ ಕಳಿಸ್ತೀರೇನು?"

ಗುಜರಾತೆಂದ ಕೂಡಲೇ ಕಳಕಪ್ಪ ಎಲೆಕ್ಟ್ರಿಕಲ್ ಕಡೆಗೆ ವಾಲಿದ. ಚಹಾದ ಹೊತ್ತಿಗೆ ಕಚೇರಿಯಲ್ಲಿ ಎರಡು ಪಾರ್ಟಿಗಳಾದವು. ಒಬ್ಬರೂ ಫೈಲು ಮುಟ್ಟಲಿಲ್ಲ. ಕೊನೆಗೆ ಅವನು ಅಭ್ಯಾಸಬಲದಿಂದ ವಿಷಯವನ್ನು ಸಾಹೇಬರ ಮುಂದಿಟ್ಟ. ಸಾಹೇಬರು ಗಂಭೀರವಾಗಿ ಕೇಳಿಸಿಕೊಂಡರು.

"ಎರಡೂ ಛಲೋ ಅದಾವ. ನಿಮ್ಮ ಹಂತದಾಗ ಇತ್ಯರ್ಥ ಮಾಡ್ರಿ."

ಮೇಲೆ ಕಳಿಸಿದ ಕಡತ ಹೀಗೆ ಕೆಳಗಿಳಿದು ಬಂದದ್ದು ಅವನ ಸರ್ವೀಸಿನಲ್ಲೇ ಮೊದಲು. ಸಾಹೇಬರಿಗಿಂತ ಮೇಲಿದ್ದವಳು ಕಾಲೊನಿಯ ಗುಡಿಯ ದೇವಿಯೊಬ್ಬಳೇ. ಅರ್ಧ ದಿನ ರಜೆ ಹಾಕಿ ಅವಳನ್ನೇ ಹೂ ಕೇಳಲು ಹೋದ. ಸಾಕ್ಷಿಗಿರಲೆಂದು ಶರಣಬಸಪ್ಪ ಹಿಂದೆ ಬಂದ. ಸುದ್ದಿ ತಿಳಿದ ಕನಕಮ್ಮ ಅವರಿಗಿಂತ ಮೊದಲೇ ಬಂದು ಕೂತಿದ್ದಳು.

ಪೂಜಾರಿ ದೇವಿಯ ಎರಡೂ ಭುಜಗಳಿಗೆ ಒದ್ದೆ ಹೂ ಅಂಟಿಸಿದ. ಬಲಗಡೆಯದು ಮೊದಲು ಬಿದ್ದರೆ ಎಲೆಕ್ಟ್ರಿಕಲ್, ಎಡಗಡೆಯದು ಬಿದ್ದರೆ ಕೆಮಿಕಲ್. ಕಳಕಪ್ಪ ಕಣ್ಣು ಮುಚ್ಚಿ ಕೈಮುಗಿದು ನಿಂತ. ಎಷ್ಟು ಭಕ್ತಿಯಿಂದ ಮುಚ್ಚಿದನೆಂದರೆ ಮತ್ತೆ ತೆರೆಯುವುದನ್ನೇ ಮರೆತ. ಪೂಜಾರಿ ಆರತಿ ತಟ್ಟೆಗೆಂದು ಆ ಕಡೆ ತಿರುಗಿದ್ದ.

"ಬಲಕ್ಕ ಕೊಟ್ಲು" ಎಂದ ಶರಣಬಸಪ್ಪ.

"ಎಡಕ್ಕರೀ" ಎಂದಳು ಕನಕಮ್ಮ.

ಕಳಕಪ್ಪ ಕಣ್ಣು ಬಿಟ್ಟಾಗ ಎರಡೂ ಹೂ ದೇವಿಯ ಪಾದದ ಬಳಿ ಬಿದ್ದಿದ್ದವು. ಇನ್ನೊಮ್ಮೆ ಕೇಳೋಣವೆಂದರೆ ಪೂಜಾರಿ ಒಪ್ಪಲಿಲ್ಲ.

"ಆಕಿ ಹೇಳಿ ಆತ್ರಿ. ನೀವು ನೋಡಲಿಲ್ಲಂದ್ರ ಆಕಿ ಏನ್ ಮಾಡ್ಬೇಕು?"

ಜಗಳಾಡುತ್ತಿದ್ದ ಇಬ್ಬರನ್ನೂ ಅಲ್ಲೇ ಬಿಟ್ಟು ಕಳಕಪ್ಪ ಬಹಳ ಹೊತ್ತು ಡ್ಯಾಮಿನ ದಂಡೆಯ ಮೇಲೆ ಕೂತ. ಸಂಜೆ ಮನೆಗೆ ಬಂದು ಮಗಳ ಮುಂದೆ ಕುರ್ಚಿ ಎಳೆದುಕೊಂಡ.

"ನನಗ ಗೊತ್ತಾಗವಲ್ದವ್ವಾ. ನಿನಗ ಯಾವುದು ಬೇಕೋ ಅದನ್ನ ತಗೋ. ಏನಾದ್ರೂ ನಾ ನಿನ್ನ ಕಡಿಗೆ ಅದೀನಿ."

"ನಾ ಮಧ್ಯಾಹ್ನನ ಕೆಮಿಕಲ್ ಹಾಕಿ ಮುಗಿಸೀನ್ರಿ ಅಪ್ಪಾಜಿ."

"ಹಂಗಾರ ನನ್ನ ಯಾಕ ಕೇಳಿದಿ?"

"ಒಂದಿನ ಸುಮ್ಮನ ಕುಂತು ವಿಚಾರ ಮಾಡೂದಿತ್ತು. ಹೇಳಾಕ ಬರೋರೆಲ್ಲ ನಿಮ್ಮ ಹಿಂದ ಹೋದ್ರು. ಮನಿ ತಣ್ಣಗಾತು."

ಮೊದಲು ಅವನಿಗೆ ನೋವಾಯಿತು. ಆಮೇಲೆ, ಇನ್ನು ಏನೇ ಆದರೂ ತನ್ನ ತಲೆಗೆ ಬರುವುದಿಲ್ಲವೆಂದು ಹೊಳೆದು ಮನಸ್ಸು ಹಗುರಾಯಿತು. ಮಗಳು ಕೊಟ್ಟ ಚಹಾ ಎತ್ತಿಕೊಂಡ.

"ಈಗಷ್ಟ ಶರಣಬಸಪ್ಪ ಕಾಕಾರು ಫೋನ್ ಮಾಡಿದ್ರು" ಎಂದಳು ಶಾಂಭವಿ, ನೆಲ ನೋಡುತ್ತ. "ಕೆಮಿಕಲ್ ಅಂದದ್ದಕ್ಕ ಬೈದ್ರು. ಅಪ್ಪಾಜಿನ ಹೇಳ್ಯಾರ ಅಂದೆ."

ಹೊರಗೆ ಆಗಲೇ ಬೈಕು ನಿಂತಿತ್ತು. ಶರಣಬಸಪ್ಪ ಇಳಿಯದೆಯೇ ಕೇಳಿದ.

"ಬಲಕ್ಕ ಬಿದ್ದದ್ದನ್ನ ನಾ ಕಣ್ಣಾರೆ ನೋಡೀನಿ. ದೇವಿ ಮಾತು ಮೀರಿ ನೀವ ಕೆಮಿಕಲ್ ಹಾಕ್ಸೀರಂತಲ್ಲ, ಖರೇನ?"

ಅಲ್ಲ ಎನ್ನಲು ಕಳಕಪ್ಪ ಬಾಯಿ ತೆರೆದ. ಹಿಂದೆ ಬಾಗಿಲಲ್ಲಿ ಶಾಂಭವಿ ನಿಂತಿದ್ದಳು. ಅಲ್ಲ ಎಂದರೆ ನಾಳೆಯಿಂದ ಕಾಲೊನಿಯೆಲ್ಲ ಅವಳ ಬೆನ್ನು ಹತ್ತುತ್ತದೆ. ಒಂದು ಪರೀಕ್ಷೆಯಲ್ಲಿ ಎಡವಿದರೂ ದೇವಿಯ ಮಾತು ಮೀರಿದವಳು ಎನ್ನುತ್ತದೆ.

"ಖರೇರಿ" ಎಂದ. "ನಾನ ಹೇಳೀನಿ."

"ಹಂಗಾರ ಮುಂದ ಏನಾದ್ರೂ ನೀವ ಜವಾಬ್ದಾರ ನೋಡ್ರಿ" ಎಂದು ಶರಣಬಸಪ್ಪ ಬೈಕು ತಿರುಗಿಸಿದ.