ಲಂಡನ್ನಿನಿಂದ ಮಳವಳ್ಳಿಗೆ

ವಿಮಾನಕ್ಕೆ ಎಷ್ಟು ಹೊತ್ತು ಬೇಕು ಎಂದು ಯಾರೂ ಕೇಳದಿದ್ದರೆ ಕಸ್ತೂರಿರಂಗ ಮೇಷ್ಟರ ದಿನ ಕೆಡುತ್ತಿರಲಿಲ್ಲ.

ಎದುರುಮನೆಯ ಪಂಕಜಮ್ಮ ನಿನ್ನೆ ಸಂಜೆ ತೀರಿಕೊಂಡಿದ್ದರು. ಹೆಣ ಎತ್ತುವವರೆಗೆ ಮಳವಳ್ಳಿಯ ಆ ಬೀದಿಯಲ್ಲಿ ಯಾರ ಮನೆಯಲ್ಲೂ ಒಲೆ ಹಚ್ಚುವಂತಿಲ್ಲ. ಮೇಷ್ಟರ ಮಗಳು ಆಂಡಾಳನ್ನು ನೋಡಲು ಮಂಡ್ಯದಿಂದ ಗಂಡಿನವರು ಬರುವುದು ಇವತ್ತೇ, ನಾಲ್ಕು ಗಂಟೆಗೆ. ಹಿಂದೆ ಎರಡು ಸಂಬಂಧ ತಪ್ಪಿಹೋಗಿದ್ದವು.

"ಈಗಲೇ ಮುಗಿಸಿಬಿಡೋಣ. ನಾನೇ ಕೊಳ್ಳಿ ಇಡ್ತೀನಿ," ಎಂದರು ಬೆಳಿಗ್ಗೆ ಪಂಕಜಮ್ಮನ ಮೈದುನ ವೆಂಕಟೇಶಮೂರ್ತಿ. ಅಷ್ಟರಲ್ಲಿ ತಂತಿ ಬಂತು. ಒಬ್ಬನೇ ಮಗ ಚಲುವನಾರಾಯಣ ಲಂಡನ್ನಿನಲ್ಲಿ ನಿನ್ನೆ ರಾತ್ರಿ ಹತ್ತಕ್ಕೆ ವಿಮಾನ ಹತ್ತಿದ್ದ.

"ಅಲ್ಲಿಂದ ಎಷ್ಟು ಹೊತ್ತಾಗುತ್ತೋ ಏನೋ," ಎಂದರು ಯಾರೋ.

ಭೂಗೋಳದ ಮೇಷ್ಟರಿಗೆ ಸುಮ್ಮನಿರಲಾಗಲಿಲ್ಲ. ಸ್ಕೂಲಿನ ಗ್ಲೋಬು ತಂದು, ಹೆಂಡತಿ ಗೋದಾಳ ಹೂ ಕಟ್ಟುವ ದಾರವನ್ನು ಲಂಡನ್ನಿನಿಂದ ಬೊಂಬಾಯಿಗೆ ಎಳೆದು ಹಿಡಿದರು. "ನಾಲ್ಕೂವರೆ ಸಾವಿರ ಮೈಲಿ. ಒಂಬತ್ತು ಗಂಟೆ ಪ್ರಯಾಣ. ಏಳಕ್ಕೇ ಬೊಂಬಾಯಲ್ಲಿ ಇಳಿದಿದ್ದಾನೆ. ಬೆಂಗಳೂರಿಗೆ ಇನ್ನೊಂದು ವಿಮಾನ, ಆಮೇಲೆ ಕಾರು. ಹನ್ನೆರಡೂವರೆಗೆ ಇಲ್ಲಿರ್ತಾನೆ."

"ಹಾಗಾದ್ರೆ ಕಾಯೋಣ," ಎಂದರು ವೆಂಕಟೇಶಮೂರ್ತಿ.

ಗೋದಾ ಗಂಡನನ್ನು ಒಳಗೆ ಕರೆದಳು. "ಸುಮ್ಮನಿದ್ದಿದ್ರೆ ಈಗಲೇ ಎತ್ತುತ್ತಿದ್ರು. ಗಂಡಿನವರಿಗೆ ನಾಳೆ ಬನ್ನಿ ಅಂತ ಹೇಳಿಕಳಿಸಿ."

"ಮೂರನೇ ಸಂಬಂಧಕ್ಕೂ ನಾಳೆ ಅನ್ನೋದಾ? ಲೆಕ್ಕ ಹಾಕಿದೀನಲ್ಲೆ."

ಒಂದು ಗಂಟೆಯಾಯಿತು. ಎರಡಾಯಿತು. ಹಸಿದ ಬೀದಿಯೆಲ್ಲ ಮೇಷ್ಟರ ಮುಖ ನೋಡತೊಡಗಿತು. ಚಟ್ಟ ಕಟ್ಟಲು ಬಂದಿದ್ದ ಪುಟ್ಟಸ್ವಾಮಿ ಬಿದಿರಿಗೊರಗಿ ಕೇಳಿದ: "ಏನ್ ಮೇಷ್ಟ್ರೇ, ನಿಮ್ ಇಮಾನ ಮದ್ದೂರಲ್ಲಿ ಟೀ ಕುಡಿಯಾಕೆ ನಿಂತದಾ?"

ಮೇಷ್ಟರು ಗ್ಲೋಬನ್ನು ಬಚ್ಚಿಡಲು ಎತ್ತಿಕೊಂಡರು. ಅದರ ಮೇಲೆ ರೇಖಾಂಶದ ಉದ್ದುದ್ದ ಗೆರೆಗಳು ಕಂಡವು. ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ ಎಂದು ಪ್ರತಿ ವರ್ಷ ಎಂಟನೇ ಕ್ಲಾಸಿಗೆ ಪಾಠ ಮಾಡುವವರು ಅವರೇ. ಅಲ್ಲಿ ರಾತ್ರಿ ಹತ್ತಾದಾಗ ಇಲ್ಲಿ ಬೆಳಗಿನ ಜಾವ ಮೂರೂವರೆ. ಹುಡುಗ ಬರುವುದು ಸಂಜೆ ಆರಕ್ಕೆ. ಆರಿದ ಇಡ್ಲಿಯಂತೆ ಅವರು ಜಗಲಿಯ ಮೇಲೆ ಕುಸಿದರು.

ನಾಲ್ಕಕ್ಕೆ ಸರಿಯಾಗಿ ಗಂಡಿನವರ ಕಾರು ಬಂತು. ಕೊಡಲು ಕಾಫಿಯೂ ಇರಲಿಲ್ಲ. ಗಂಡಿನ ತಂದೆ ಎದುರುಮನೆ ಕಡೆ ನೋಡಿ ಮುಖ ಗಂಟಿಕ್ಕಿದರು. "ಯಾರಿಗೆ ಕಾಯ್ತಿದಾರೆ?"

"ಮಗನಿಗೆ. ಲಂಡನ್ನಿನಲ್ಲಿ ಡಾಕ್ಟರು."

"ಓಹೋ. ಮದುವೆ ಆಗಿದೆಯೋ?"

"ಇಲ್ಲ. ಬಲು ಸಾಧು ಹುಡುಗ," ಎಂದರು ಮೇಷ್ಟರು, ಮಾತು ಒಲೆಯ ಕಡೆ ಬರದಿದ್ದರೆ ಸಾಕೆಂದು.

ಗಂಡಿನವರು ಏಳಲಿಲ್ಲ. ಆರರವರೆಗೂ ಬರಿಯ ನೀರು ಕುಡಿದು ಕೂತರು. ಎಂಥ ದೊಡ್ಡ ಮನಸ್ಸು ಎಂದು ಮೇಷ್ಟರ ಕಣ್ಣು ಒದ್ದೆಯಾಯಿತು. ಒಳಗೆ ಸೀರೆಯುಟ್ಟು ಕೂತಿದ್ದ ಆಂಡಾಳನ್ನು ಮಾತ್ರ ಯಾರೂ ಕರೆಯಲಿಲ್ಲ.

ಆರಕ್ಕೆ ಚಲುವನಾರಾಯಣ ಬಂದಿಳಿದು, ಅಳುತ್ತ ಒಳಗೆ ಹೋದ. ಗಂಡಿನ ತಂದೆ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ ಎದ್ದು ನಿಂತರು.

"ಮೇಷ್ಟ್ರೇ, ನಮ್ಮ ಹಿರಿಮಗಳಿಗೆ ಮೈಸೂರಿನವನೊಬ್ಬನನ್ನ ನೋಡಿದ್ದೆವು. ಅವನನ್ನ ಬಿಟ್ಟೆ. ಈ ಹುಡುಗನ ಜಾತಕ ನೀವೇ ಕೊಡಿಸಬೇಕು. ತಾಯಿ ತೀರಿಕೊಂಡು ವರ್ಷ ತುಂಬೋವರೆಗೆ ಅವನು ಮದುವೆ ಮಾಡ್ಕೊಳ್ಳೋ ಹಾಗಿಲ್ಲ, ನಾವು ಕಾಯ್ತೀವಿ. ಮಗಳ ಮದುವೆ ಆಗದೆ ನಮ್ಮ ಹುಡುಗನದೂ ಮಾಡೋಲ್ಲ. ನೀವೂ ಕಾಯಿರಿ."

ಕಾರಿನಿಂದ ಮತ್ತೆ ತಲೆ ಹೊರಹಾಕಿದರು. "ಅಂದಹಾಗೆ, ನಮ್ಮ ಮಗಳು ಲಂಡನ್ನಿಗೆ ಹೋಗಬೇಕಲ್ಲ, ಎಷ್ಟು ಹೊತ್ತಾಗುತ್ತೆ?"

ಮೇಷ್ಟರು ಗ್ಲೋಬಿಗೆಂದು ಒಳಗೆ ತಿರುಗಿದರು. ಬಾಗಿಲಲ್ಲಿ ನಿಂತಿದ್ದ ಗೋದಾ ದಾರದುಂಡೆಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.