ಬೂಟು ಕಚ್ಚುವ ಪೆಡಲು

ಬೀಳುವುದಕ್ಕೆ ವಯಸ್ಸಿಲ್ಲ ಎಂಬುದು ನನಗೆ ನಲವತ್ತಾರರಲ್ಲಿ ತಿಳಿಯಿತು. ತಿಳಿದ ಮೇಲೂ ಬೀಳುತ್ತಲೇ ಇದ್ದೇನೆ.

ನಾನು ಕಲಿಸುವ ಶಾಲೆಯಿಂದ ದಾಂಡೇಲಿಗೆ ವರ್ಗವಾದ ಪಿ.ಟಿ. ಟೀಚರ್ ತಮ್ಮ ರೇಸ್ ಸೈಕಲ್ಲನ್ನು ಬೂಟಿನ ಸಮೇತ ನನಗೆ ಕೊಟ್ಟುಹೋದರು. ಬೂಟಿನ ತಳದಲ್ಲೊಂದು ಕಬ್ಬಿಣದ ತುಂಡು. ಪೆಡಲ್ ಮೇಲಿಟ್ಟು ಒತ್ತಿದರೆ ಟಕ್ ಎಂದು ಕಚ್ಚಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. "ಅಷ್ಟರೀ, ಭಾಳ ಸರಳ" ಎಂದು ಅವರು ಬಸ್ ಹತ್ತಿದರು.

ಗೋಡೆ ಬಿಟ್ಟಾಗ

ಮುಂಡಗೋಡದ ನಮ್ಮ ಮನೆಯ ಮುಂದೆ ಗೋಡೆ ಹಿಡಿದು ಎರಡೂ ಕಾಲು ಸಿಕ್ಕಿಸಿದೆ. ಗೋಡೆ ಬಿಟ್ಟೆ. ಒಂದು ಗೇಣೂ ಮುಂದೆ ಹೋಗದೆ, ಬುಡ ಕಡಿದ ಬಾಳೆಗಿಡದ ಹಾಗೆ ಸೈಕಲ್ಲೂ ನಾನೂ ಎಡಕ್ಕೆ ಒರಗಿದೆವು.

ರಂಗೋಲಿ ಹಾಕುತ್ತಿದ್ದ ಪಕ್ಕದ ಮನೆಯ ಅಜ್ಜಿ ಓಡಿಬಂದು ಮೊಣಕೈಗೆ ಅರಿಸಿನ ಒತ್ತಿದಳು. "ಓಡೂ ಸೈಕಲ್ ಮ್ಯಾಲಿಂದ ಯಾರರ ಬೀಳ್ತಾರ, ಯವ್ವಾ. ನಿಂತ ಸೈಕಲ್ ಮ್ಯಾಲಿಂದ ಬೀಳಾಕ ಭಾಳ ಓದಿರಬೇಕು ನೋಡು."

ಚಾಚಾನ ಪಾಠ

ಪೇಟೆಯ ಸೈಕಲ್ ಮೆಕ್ಯಾನಿಕ್ ಚಾಚಾ ಪೆಡಲಿನ ಬಿಗಿ ಸಡಿಲಿಸಿದರು. "ಹತ್ರಿ ಅಕ್ಕೋರ, ನಾ ಹಿಡೀತೇನಿ" ಎಂದರು. ಅವರು ಹಿಡಿದೇ ನಿಂತರು. ನಾನು ಇಪ್ಪತ್ತು ಸಲ ಸಿಕ್ಕಿಸಿದೆ, ಇಪ್ಪತ್ತು ಸಲ ಬಿಡಿಸಿದೆ. ಮತ್ತೊಮ್ಮೆ ಸಿಕ್ಕಿಸಿದಾಗ ಚಾಚಾಗೆ ಸಂತೋಷ ತಡೆಯಲಾಗಲಿಲ್ಲ.

"ಶಾಬಾಶ್! ಬಂತು ನೋಡ್ರಿ!" ಎಂದು ಸೈಕಲ್ ಹಿಡಿದಿದ್ದ ಎರಡೂ ಕೈಯಿಂದ ಚಪ್ಪಾಳೆ ತಟ್ಟಿದರು.

ಸಾಹೇಬರು

ಒಂದು ದಿನ ತಡವಾಗಿ, ಬೂಟು ಬದಲಿಸದೆ ಶಾಲೆಯೊಳಗೆ ನಡೆದೆ. ವರಾಂಡದ ತುಂಬ ಟಕ್ ಟಕ್. ಹೆಡ್‌ಮಾಸ್ತರರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ತಮ್ಮ ಕೋಣೆಯಿಂದ ಹೊರಗೆ ಬಂದು ಕೈ ಮುಗಿದರು. ನಾನೂ ಮುಗಿದೆ.

"ನೀವಾ? ಇನ್‌ಸ್ಪೆಕ್ಷನ್ ಸಾಹೇಬ್ರು ಬಂದ್ರಂತ ಸ್ಪೆಷಲ್ ಚಾ ಹೇಳಿಬಿಟ್ಟೆನಲ್ರೀ!"

ಹನ್ನೆರಡು ವರ್ಷದ ಸರ್ವಿಸಿನಲ್ಲಿ ಆ ಕೋಣೆಯಲ್ಲಿ ನನಗೆ ಸಿಕ್ಕ ಮೊದಲ ಚಹಾ ಅದು.

ತವರಿಗೆ ಸವಾರಿ

ನನ್ನ ತವರು ಮುಂಡಗೋಡದ ಹತ್ತಿರದ ಹಳ್ಳಿ ಇಂದೂರು. ಚಿಕ್ಕಂದಿನಲ್ಲಿ ಅಣ್ಣ ತನ್ನ ಸೈಕಲ್ ಮುಟ್ಟಲೂ ಬಿಡುತ್ತಿರಲಿಲ್ಲ. "ಹುಡಿಗ್ಯಾರು ಬೀಳ್ತಾರ" ಎನ್ನುತ್ತಿದ್ದ. ಆ ಮಾತು ನನ್ನೊಳಗೆ ಮುಳ್ಳಾಗಿ ಉಳಿದಿತ್ತು. ಒಂದು ಭಾನುವಾರ ಯಾರಿಗೂ ಹೇಳದೆ ಹೊರಟೆ. ದಾರಿಯಲ್ಲಿ ಒಮ್ಮೆಯೂ ಬೀಳಲಿಲ್ಲ!

ಅಣ್ಣ ಅಂಗಳದಲ್ಲಿ ಗೋವಿನಜೋಳ ಹರವುತ್ತಿದ್ದ. ನನ್ನನ್ನು ಕಂಡು ಬಾಯಿ ತೆರೆದು ನಿಂತ. ಆ ಮುಖ ನೋಡುವ ಖುಷಿಯಲ್ಲಿ ಹಿಮ್ಮಡಿ ತಿರುಗಿಸುವುದನ್ನು ಮರೆತು ಬ್ರೇಕ್ ಹಿಡಿದೆ.

"ಅಣ್ಣಾ, ಹಿಡೀ!"

ಜೋಳ ತುಳಿದುಕೊಂಡೇ ಓಡಿಬಂದು ಹ್ಯಾಂಡಲ್ಲೂ ಸೀಟೂ ಹಿಡಿದ. "ಇಳಿ ಇನ್ನ."

"ಕಾಲು ಬರವಲ್ದು!"

ಗಾಬರಿಯಲ್ಲಿ ಕಾಲನ್ನು ಒಳಕ್ಕೆ ತಿರುಗಿಸುತ್ತಿದ್ದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಮಜ್ಜಿಗೆ ತಂದು ಮೇಲಕ್ಕೇ ಕೊಟ್ಟಳು, ಕುಡಿದೆ. ಅಣ್ಣ ಬೆವರುತ್ತ ಹಿಡಿದೇ ಇದ್ದ. ಓಣಿಯವರು ಸೇರಿದರು. ಮುದುಕರೊಬ್ಬರು ಕೇಳಿದರು, "ಏನಪಾ, ತಂಗಿಗೆ ಸೈಕಲ್ ಕಲಸಾಕತ್ತೀಯೇನು?"

"ಹೂಂನ್ರಿ ಕಾಕಾ" ಎಂದ ಅಣ್ಣ, ಕೈ ಬಿಡದೆ. "ಸ್ವಲ್ಪ ತಡಾ ಆತು."